ಹಳೆಯ ಗಣಕಯಂತ್ರವೂ ವಿಶ್ವಜಾಲವೂ

ಸ್ವಿಟ್ಸರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ಜಿನೀವಾ ನಗರದ ಸಮೀಪದಲ್ಲಿ, ಸರ್ನ್ ಎಂಬ ವಿಖ್ಯಾತ ಸಂಶೋಧನಾ ಕೇಂದ್ರವೊಂದಿದೆ. ಪರಮಾಣುವಿನ ಒಡಲಲ್ಲಿ ಅಡಗಿರುವ ಅತಿಸೂಕ್ಷ್ಮ ಕಣಗಳ ಸ್ವರೂಪವನ್ನು ಅರಿಯುವುದು ಅಲ್ಲಿನ ವಿಜ್ಞಾನಿಗಳ ಕಾರ್ಯ. ಅನೇಕ ದೇಶಗಳ ವಿದ್ವಾಂಸರು ಅಲ್ಲಿಗೆ ಬಂದು, ಕೆಲವು ಕಾಲ ದುಡಿದು, ಮತ್ತೆ ತಮ್ಮ ತಮ್ಮ ವಿಶ್ವವಿದ್ಯಾನಿಲಯಗಳಿಗೆ ಹಿಂದಿರುಗುತ್ತಾರೆ. 1980ರ ದಶಕದಲ್ಲಿ ಈ ಕೇಂದ್ರಕ್ಕೆ ವಿಚಿತ್ರವಾದ ತೊಡಕೊಂದು ಒದಗಿತ್ತು. ಅಲ್ಲಿ ಬಗೆಬಗೆಯ ಗಣಕಯಂತ್ರಗಳಿದ್ದವು. ಒಂದು ಯಂತ್ರದಲ್ಲಿ ಬರೆದಿಟ್ಟ ವಿಷಯವನ್ನು ಮತ್ತೊಂದು ಯಂತ್ರದಲ್ಲಿ ಓದುವುದು ಸುಲಭವಾಗಿರಲಿಲ್ಲ. ಒಬ್ಬ ವಿಜ್ಞಾನಿ ಊರು ಬಿಟ್ಟು ಹೊರಟನೆಂದರೆ, ಅವನು ಸಂಪಾದಿಸಿದ ತಿಳಿವಳಿಕೆಯೂ ಅವನೊಡನೆ ಹೊರಟುಹೋದಂತೆಯೇ ಆಗುತ್ತಿತ್ತು.

ಈ ತೊಡಕನ್ನು ನಿವಾರಿಸಲು ಅಲ್ಲಿಯೇ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ತರುಣನು 1989ರ ಮಾರ್ಚ್ ತಿಂಗಳಲ್ಲಿ ಒಂದು ಯೋಜನೆಯನ್ನು ಮುಂದಿಟ್ಟನು. ಪ್ರತಿಯೊಂದು ಬರಹಕ್ಕೂ ಒಂದು ವಿಳಾಸವಿರಬೇಕು; ಒಂದು ಬರಹದಿಂದ ಇನ್ನೊಂದಕ್ಕೆ ಕೊಂಡಿಗಳಿರಬೇಕು; ಓದುಗನು ಕೊಂಡಿಯನ್ನು ಹಿಡಿದು ಯಾವ ಯಂತ್ರದಲ್ಲಿರುವ ಬರಹವನ್ನಾದರೂ ತನ್ನ ಯಂತ್ರದಲ್ಲಿ ಓದುವಂತಿರಬೇಕು. ಇದೇ ಆ ಯೋಜನೆಯ ತಿರುಳು. 1990ರ ಕೊನೆಯ ವೇಳೆಗೆ ಅದು ಕಾರ್ಯರೂಪಕ್ಕೆ ಬಂದಿತು. ಪುಟಗಳನ್ನು ಕಳುಹಿಸಿಕೊಡುವ ಸೇವಾಯಂತ್ರವಾಗಿಯೂ ಅವುಗಳನ್ನು ಓದಲು ನೆರವಾಗುವ ಬ್ರೌಸರಿನ ನೆಲೆಯಾಗಿಯೂ ನೆಕ್ಸ್ಟ್ ಎಂಬ ಹೆಸರಿನ ಗಣಕಯಂತ್ರವು ಕೆಲಸ ಮಾಡಿತು. ಯಾರಾದರೂ ತಿಳಿಯದೆ ಅದನ್ನು ಆರಿಸಿಬಿಟ್ಟಾರೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಎಚ್ಚರಿಕೆಯ ಚೀಟಿಯೊಂದನ್ನು ಬರೆದು ಅಂಟಿಸಲಾಗಿತ್ತು. ಇಂದು ಜಗತ್ತನ್ನೆಲ್ಲ ವ್ಯಾಪಿಸಿರುವ ವಿಶ್ವಜಾಲವು ಅಂದು ಆ ಒಂದು ಯಂತ್ರದ ಗುಂಡಿಯನ್ನು ಅವಲಂಬಿಸಿತ್ತು.

ಅಂತರ್ಜಾಲ ಮತ್ತು ವಿಶ್ವಜಾಲ ಎಂಬ ಎರಡು ಮಾತುಗಳನ್ನು ಜನರು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಅವೆರಡೂ ಬೇರೆ ಬೇರೆ. ಅಂತರ್ಜಾಲವು ಊರೂರುಗಳನ್ನು ಕೂಡಿಸುವ ರಸ್ತೆಗಳಂತೆ. ವಿಶ್ವಜಾಲವು ಆ ರಸ್ತೆಗಳ ಮೂಲಕ ಪುಸ್ತಕಗಳನ್ನು ತರಿಸಿಕೊಡುವ ದೊಡ್ಡ ಗ್ರಂಥಾಲಯದಂತೆ. ರಸ್ತೆಗಳು ಗ್ರಂಥಾಲಯಕ್ಕಿಂತ ಹಳೆಯವು. 1983ರ ಜನವರಿ 1ರಂದೇ ಅಮೆರಿಕದ ಅರ್ಪಾನೆಟ್ ಎಂಬ ಜಾಲವು ಇಂದಿಗೂ ಬಳಕೆಯಲ್ಲಿರುವ ಸಂಪರ್ಕ ನಿಯಮಗಳನ್ನು ಅಳವಡಿಸಿಕೊಂಡಿತ್ತು. ಬ್ರೌಸರ್ ಎಂಬುದು ಗ್ರಂಥಾಲಯಕ್ಕೆ ಹೋಗಿ, ಕೇಳಿದ ಪುಸ್ತಕವನ್ನು ತಂದು, ಓದುಗನ ಮುಂದೆ ತೆರೆದಿಡುವ ಸೇವಕನಿದ್ದಂತೆ.

ವಿಶ್ವಜಾಲವು ಹುಟ್ಟಿದೊಡನೆಯೇ ಮತ್ತೊಂದು ಪ್ರಶ್ನೆ ಎದುರಾಯಿತು. ಬರ್ನರ್ಸ್-ಲೀಯವರ ಬ್ರೌಸರ್ ಅತ್ಯಂತ ಸುಂದರವಾಗಿತ್ತು. ಆದರೆ ಅದು ನೆಕ್ಸ್ಟ್ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಅಂಥ ಯಂತ್ರವುಳ್ಳವರು ಬೆರಳೆಣಿಕೆಯಷ್ಟು ಮಂದಿ. ಉಳಿದವರ ಮುಂದೆ ಇದ್ದುದು ಚಿತ್ರಗಳನ್ನು ತೋರಿಸಲಾರದ, ಅಕ್ಷರಗಳನ್ನು ಸಾಲುಸಾಲಾಗಿ ಮೂಡಿಸುವ ಸಾಧಾರಣ ಯಂತ್ರಗಳು. ಎಲ್ಲರಿಗಾಗಿ ಎಂದು ಹುಟ್ಟಿದ ಜಾಲವು ಕೆಲವರ ಸೊತ್ತಾಗಿ ಉಳಿಯುವ ಸಂಭವವಿತ್ತು.

ಆಗ ಈ ಕಾರ್ಯಕ್ಕೆ ಒದಗಿದವರು ನಿಕೋಲಾ ಪೆಲ್ಲೋ ಎಂಬ ವಿದ್ಯಾರ್ಥಿನಿ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಗಣಿತಶಾಸ್ತ್ರವನ್ನು ಓದುತ್ತಿದ್ದ ಈಕೆ 1990ರಲ್ಲಿ ಸರ್ನ್ ಕೇಂದ್ರವನ್ನು ಸೇರಿದರು. ಯಾವ ಗಣಕಯಂತ್ರದಲ್ಲಿಯಾದರೂ ನಡೆಯಬಲ್ಲ ಸರಳವಾದ ಬ್ರೌಸರೊಂದನ್ನು ರಚಿಸುವ ಹೊಣೆ ಇವರಿಗೆ ಬಂದಿತು. ಇವರು ಬರೆದ ಬ್ರೌಸರಿಗೆ ಸಾಲುವಾರು ಬ್ರೌಸರ್ ಎಂಬ ಅರ್ಥ ಕೊಡುವ ಹೆಸರು ಬಂದಿತು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಬೇಕಿಲ್ಲ. ಪುಟದಲ್ಲಿ ಕೊಂಡಿಯಿರುವೆಡೆಯಲ್ಲೆಲ್ಲ ಒಂದು ಸಂಖ್ಯೆ ಕಾಣಿಸುತ್ತದೆ. ಓದುಗನು ಕೀಲಿಮಣೆಯಲ್ಲಿ ಆ ಸಂಖ್ಯೆಯನ್ನು ಒತ್ತಿದರೆ ಮುಂದಿನ ಪುಟ ಬರುತ್ತದೆ. 1991ರಲ್ಲಿ ಹೊರಬಂದ ಈ ಬ್ರೌಸರಿನಿಂದಾಗಿ ದೂರದೇಶಗಳ ಜನರು, ತಮ್ಮಲ್ಲಿದ್ದ ಹಳೆಯ ಯಂತ್ರಗಳ ಮುಂದೆಯೇ ಕುಳಿತು, ವಿಶ್ವಜಾಲವನ್ನು ಕಂಡರು. ಹೊಸ ಜಾಲವು ಹಳೆಯ ಯಂತ್ರವನ್ನು ಬಿಟ್ಟು ಬೆಳೆಯಬಾರದೆಂಬ ವಿವೇಕವು ಅದರ ಹುಟ್ಟಿನಲ್ಲಿಯೇ ಸೇರಿತ್ತು.

1993ರ ಏಪ್ರಿಲ್ 30ರಂದು ಸರ್ನ್ ಕೇಂದ್ರವು ವಿಶ್ವಜಾಲದ ತಂತ್ರಾಂಶವನ್ನು ಸರ್ವಜನರ ಸೊತ್ತೆಂದು ಘೋಷಿಸಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಎಂಬುವರು ಮೊಸಾಯಿಕ್ ಎಂಬ ಬ್ರೌಸರನ್ನು ರಚಿಸಿದರು. ಅಕ್ಷರಗಳ ನಡುವೆ ಚಿತ್ರಗಳೂ ಮೂಡುತ್ತಿದ್ದ ಈ ಬ್ರೌಸರಿನಿಂದ ಜಾಲದ ಜನಪ್ರಿಯತೆ ಹಲವು ಮಡಿ ಹೆಚ್ಚಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತುದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ಈ ಸೇವೆಯನ್ನು ಆರಂಭಿಸಿತು. ಚಿತ್ರಗಳನ್ನು ನೋಡಬಹುದಾದ ಸಂಪರ್ಕಕ್ಕೆ ಹೆಚ್ಚಿನ ಶುಲ್ಕವಿತ್ತು. ಕಡಿಮೆ ಶುಲ್ಕವನ್ನು ತೆತ್ತ ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದುದು ಅಕ್ಷರಗಳನ್ನು ಮಾತ್ರ ತೋರುವ ಸಂಪರ್ಕ. ಅಮೆರಿಕದ ಕಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ 1992ರಲ್ಲಿ ಹುಟ್ಟಿದ ಲಿಂಕ್ಸ್ ಎಂಬ ಅಕ್ಷರ ಬ್ರೌಸರಿನ ಮೂಲಕ ಅವರು ಜಗತ್ತಿನ ಪುಟಗಳನ್ನು ಓದುತ್ತಿದ್ದರು.

ಆ ಕಾಲದಲ್ಲಿ ಮನೆಯ ಗಣಕಯಂತ್ರವು ಅಂತರ್ಜಾಲವನ್ನು ಸೇರುತ್ತಿದ್ದುದು ದೂರವಾಣಿಯ ತಂತಿಯ ಮೂಲಕ. ದೂರವಾಣಿಯ ತಂತಿಯನ್ನು ಹಾಕಿದ್ದುದು ಮನುಷ್ಯರ ಧ್ವನಿಗಾಗಿ. ಗಣಕಯಂತ್ರಕ್ಕೆ ತಿಳಿದಿರುವುದೋ ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತಗಳು. ಈ ಸಂಕೇತಗಳನ್ನು ಧ್ವನಿಯ ರೂಪಕ್ಕೆ ತಂದು ತಂತಿಯಲ್ಲಿ ಕಳುಹಿಸುವ, ಆ ಕಡೆಯಿಂದ ಬಂದ ಧ್ವನಿಯನ್ನು ಮತ್ತೆ ಸಂಕೇತಗಳನ್ನಾಗಿ ಮಾಡುವ ದುಭಾಷಿ ಉಪಕರಣಕ್ಕೆ ಮೋಡೆಮ್ ಎಂದು ಹೆಸರು. ಸಂಪರ್ಕ ಕೂಡುವ ಮೊದಲು ಅದು ಹೊರಡಿಸುತ್ತಿದ್ದ ಕರ್ಕಶವಾದ ಸದ್ದು, ಎರಡು ಮೋಡೆಮ್‌ಗಳು ಯಾವ ವೇಗದಲ್ಲಿ ಮಾತನಾಡಬೇಕೆಂದು ಪರಸ್ಪರ ಒಪ್ಪಂದ ಮಾಡಿಕೊಳ್ಳುತ್ತಿದ್ದ ಸದ್ದು. 1962ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೋಡೆಮ್ ಒಂದು ಸೆಕೆಂಡಿಗೆ 300 ಬಿಟ್‌ಗಳನ್ನು ಕಳುಹಿಸುತ್ತಿತ್ತು. 1998ರ ವೇಳೆಗೆ ಈ ವೇಗ ಸೆಕೆಂಡಿಗೆ 56,000 ಬಿಟ್‌ಗಳಿಗೆ ಏರಿತು. ಆದರೂ ಅದು ಇಂದಿನ ಅಗತ್ಯಕ್ಕೆ ಸಾಲದು. 20 ಲಕ್ಷ ಬೈಟ್‌ಗಳ ಪುಟವೊಂದನ್ನು ತೆಗೆದುಕೊಂಡರೆ, ಒಂದು ಬೈಟಿಗೆ 8 ಬಿಟ್‌ಗಳಂತೆ, ಅದರಲ್ಲಿ 160 ಲಕ್ಷ ಬಿಟ್‌ಗಳಿರುತ್ತವೆ. ಆ ವೇಗದಲ್ಲಿ ಈ ಒಂದೇ ಪುಟ ಬಂದು ಸೇರಲು ಸುಮಾರು 5 ನಿಮಿಷಗಳು ಬೇಕು.

ಇಂದು ಹಳೆಯ ಗಣಕಯಂತ್ರವೊಂದನ್ನು ಜಾಲಕ್ಕೆ ಸೇರಿಸಬೇಕಾದರೆ ನಾಲ್ಕು ಸಂಗತಿಗಳು ಕೂಡಿಬರಬೇಕು. ಮೊದಲನೆಯದು ದಾರಿ, ಎರಡನೆಯದು ವಿಳಾಸ, ಮೂರನೆಯದು ಹೆಸರು, ನಾಲ್ಕನೆಯದು ಭಾಷೆ.

ದಾರಿಯೆಂದರೆ ಯಂತ್ರಕ್ಕೂ ಜಾಲಕ್ಕೂ ನಡುವಣ ಸಂಪರ್ಕ. ತಂತಿಯಿಲ್ಲದ ವೈ-ಫೈ ಸಂಪರ್ಕವು ಎಲ್ಲರಿಗೂ ಪರಿಚಿತ. ಆದರೆ ಬಹಳ ಹಳೆಯ ಯಂತ್ರಗಳಲ್ಲಿ ಇದು ಕೈಕೊಡುವುದುಂಟು. ಅವುಗಳಿಗೆ ತಿಳಿದಿರುವುದು ಆರಂಭಕಾಲದ ರಕ್ಷಣಾ ಕ್ರಮ. 2004ರಲ್ಲಿ ಬಂದ ಹೊಸ ಕ್ರಮವನ್ನು ಅವು ಅರಿಯವು. ಅಂಥ ಯಂತ್ರಕ್ಕೆ ಈಥರ್‌ನೆಟ್ ತಂತಿಯೇ ಸರಿಯಾದ ದಾರಿ. ಈಥರ್‌ನೆಟ್ 1973ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪದ್ಧತಿ. ಕಾಲಕಾಲಕ್ಕೆ ಅದರ ವೇಗ ಹೆಚ್ಚಿದರೂ ಹಳೆಯ ವೇಗವನ್ನು ಅದು ತ್ಯಜಿಸಲಿಲ್ಲ. 1990ರ ದಶಕದ ಯಂತ್ರವು ಸೆಕೆಂಡಿಗೆ 1 ಕೋಟಿ ಬಿಟ್‌ಗಳ ವೇಗದಲ್ಲಿ ಮಾತನಾಡಿದರೆ, ಇಂದಿನ ಬಹುಪಾಲು ಉಪಕರಣಗಳು ತಮ್ಮ ವೇಗವನ್ನು ತಗ್ಗಿಸಿಕೊಂಡು ಅದರೊಡನೆ ಮಾತನಾಡುತ್ತವೆ. ವೃದ್ಧನ ಕೈಹಿಡಿದು ನಡೆಯುವ ತರುಣನು ತನ್ನ ಹೆಜ್ಜೆಯನ್ನು ನಿಧಾನಮಾಡಿಕೊಳ್ಳುವಂತೆಯೇ ಇದು.

ಎರಡನೆಯದು ವಿಳಾಸ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಸಂಖ್ಯೆಗಳಿಂದ ಕೂಡಿದ ವಿಳಾಸವಿರಬೇಕು. ಇಲ್ಲವಾದರೆ ಬಂದ ಉತ್ತರವನ್ನು ತಲುಪಿಸುವುದೆಲ್ಲಿಗೆ? ಮನೆಯಲ್ಲಿ ಅಥವಾ ಶಾಲೆಯಲ್ಲಿರುವ ರೂಟರ್ ಎಂಬ ಉಪಕರಣವು ಸಾಮಾನ್ಯವಾಗಿ ಈ ವಿಳಾಸವನ್ನು ತಾನಾಗಿಯೇ ಹಂಚುತ್ತದೆ. ಹಾಗೆ ಆಗದಿದ್ದಲ್ಲಿ, ಯಂತ್ರದ ವಿಳಾಸವನ್ನೂ ಹೊರಜಗತ್ತಿಗೆ ಹೋಗುವ ಬಾಗಿಲಿನ ವಿಳಾಸವನ್ನೂ ಕೈಯಿಂದ ಬರೆದು ತುಂಬಬೇಕಾಗುತ್ತದೆ. ಒಂದೇ ವಿಳಾಸವನ್ನು ಎರಡು ಯಂತ್ರಗಳಿಗೆ ಕೊಡಬಾರದು. ಕೊಟ್ಟರೆ ಒಂದರ ಪತ್ರ ಇನ್ನೊಂದಕ್ಕೆ ಹೋಗುತ್ತದೆ.

ಮೂರನೆಯದು ಹೆಸರು. ಸಂಖ್ಯೆಗಳನ್ನು ನೆನಪಿಡುವುದು ಮನುಷ್ಯನಿಗೆ ಕಷ್ಟ. ಹೆಸರುಗಳನ್ನು ನೆನಪಿಡುವುದು ಸುಲಭ. ಹೆಸರನ್ನು ಕೊಟ್ಟರೆ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ರೂಪಿಸಿದರು. ಇದು ದೂರವಾಣಿ ಸಂಖ್ಯೆಗಳ ಪುಸ್ತಕವಿದ್ದಂತೆ. ಈ ಪುಸ್ತಕವು ಎಲ್ಲಿದೆಯೆಂಬುದನ್ನು ಯಂತ್ರಕ್ಕೆ ತಿಳಿಸದಿದ್ದರೆ, ದಾರಿಯೂ ವಿಳಾಸವೂ ಸರಿಯಾಗಿದ್ದರೂ ಒಂದು ಪುಟವೂ ಬಾರದು.

ಈ ಮೂರೂ ಸರಿಹೋದ ಮೇಲೆಯೂ ಹಳೆಯ ಯಂತ್ರವು ಮೌನವಾಗಿ ಕುಳಿತಿರುವುದನ್ನು ಕಂಡು ಅನೇಕರು ನಿರಾಶರಾಗುತ್ತಾರೆ. ಯಂತ್ರದ ನಿಧಾನಗತಿಯೇ ಇದಕ್ಕೆ ಕಾರಣವೆಂದು ಭಾವಿಸುತ್ತಾರೆ. ಆದರೆ ನಿಜವಾದ ಕಾರಣ ಬೇರೆ. ಅದು ನಾಲ್ಕನೆಯ ಸಂಗತಿ: ಭಾಷೆ.

ವಿಶ್ವಜಾಲದ ಆರಂಭಕಾಲದಲ್ಲಿ ಪುಟಗಳು ತೆರೆದ ಅಂಚೆಕಾರ್ಡಿನಂತೆ ಬರುತ್ತಿದ್ದವು. ದಾರಿಯಲ್ಲಿ ಯಾರು ಬೇಕಾದರೂ ಅವುಗಳನ್ನು ಓದಬಹುದಾಗಿತ್ತು, ತಿದ್ದಲೂಬಹುದಾಗಿತ್ತು. ಹಣದ ವ್ಯವಹಾರವೂ ಖಾಸಗಿ ಮಾತುಗಳೂ ಜಾಲದಲ್ಲಿ ನಡೆಯತೊಡಗಿದಾಗ ಇದು ಅಪಾಯಕರವಾಯಿತು. ಆದುದರಿಂದ 1995ರಿಂದೀಚೆಗೆ ಪುಟಗಳನ್ನು ಗೂಢಲಿಪಿಯಲ್ಲಿ ಕಳುಹಿಸುವ ಪದ್ಧತಿ ಬಂದಿತು. ವರ್ಷಗಳು ಕಳೆದಂತೆ ಹಳೆಯ ಗೂಢಲಿಪಿಗಳ ದೌರ್ಬಲ್ಯಗಳು ಬಯಲಾದವು. ಅವುಗಳ ಸ್ಥಾನದಲ್ಲಿ 2008ರಲ್ಲಿ ಒಂದು, 2018ರಲ್ಲಿ ಮತ್ತೊಂದು ಬಲವಾದ ಕ್ರಮಗಳು ಬಂದವು. 2021ರಲ್ಲಿ ಅಂತರ್ಜಾಲದ ನಿಯಮಗಳನ್ನು ರೂಪಿಸುವ ಮಂಡಲಿಯು ಹಳೆಯ ಎರಡು ಕ್ರಮಗಳನ್ನು ಬಳಸಬಾರದೆಂದು ಸಾರಿತು. ಹಳೆಯ ಯಂತ್ರದ ಬ್ರೌಸರಿಗೆ ತಿಳಿದಿರುವುದು ಈ ಹಳೆಯ ಭಾಷೆ ಮಾತ್ರ. ಅದು ಬಾಗಿಲು ತಟ್ಟಿ ಮಾತನಾಡುತ್ತದೆ. ಒಳಗಿನವರಿಗೆ ಆ ಮಾತು ತಿಳಿದಿದ್ದರೂ ಅವರು ಉತ್ತರಿಸರು.

ಗೂಢಲಿಪಿಯ ಜೊತೆಗೆ ಪ್ರಮಾಣಪತ್ರವೆಂಬುದೂ ಇದೆ. ಪುಟವನ್ನು ಕಳುಹಿಸುವ ಸೇವಾಯಂತ್ರವು ತಾನು ಯಾರೆಂಬುದನ್ನು ಪ್ರಮಾಣಪತ್ರದ ಮೂಲಕ ತೋರಿಸಬೇಕು. ಆ ಪತ್ರಕ್ಕೆ ನಂಬಿಕಸ್ಥ ಸಂಸ್ಥೆಯೊಂದರ ಮುದ್ರೆಯಿರುತ್ತದೆ. ನಂಬಬಹುದಾದ ಮುದ್ರೆಗಳ ಪಟ್ಟಿಯನ್ನು ಯಂತ್ರವು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಯಂತ್ರ ಹಳೆಯದಾದರೆ ಪಟ್ಟಿಯೂ ಹಳೆಯದು. 2021ರ ಸೆಪ್ಟೆಂಬರ್ 30ರಂದು ಅಸಂಖ್ಯಾತ ಜಾಲತಾಣಗಳು ಅವಲಂಬಿಸಿದ್ದ ಇಂಥ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಪಟ್ಟಿಯನ್ನು ನವೀಕರಿಸಿಕೊಳ್ಳದಿದ್ದ ಅನೇಕ ಹಳೆಯ ಉಪಕರಣಗಳಿಗೆ, ಹಿಂದಿನ ದಿನದವರೆಗೆ ತೆರೆದಿದ್ದ ಬಾಗಿಲುಗಳು ಅಂದು ಮುಚ್ಚಿದವು. ಉಪಕರಣಗಳಲ್ಲಿ ಯಾವ ಭಾಗವೂ ಕೆಟ್ಟಿರಲಿಲ್ಲ. ಕೇವಲ ಒಂದು ದಿನಾಂಕ ಕಳೆದಿತ್ತು.

ದಿನಾಂಕದ ಮಹತ್ವವನ್ನು ತೋರುವ ಮತ್ತೊಂದು ಸಂಗತಿಯುಂಟು. ಗಣಕಯಂತ್ರದ ಒಳಗೆ, ಮದರ್‌ಬೋರ್ಡ್ ಎಂದು ಕರೆಯುವ ಮುಖ್ಯ ಫಲಕದ ಮೇಲೆ, ನಾಣ್ಯದಾಕಾರದ 3 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ. ವಿದ್ಯುತ್ತಿಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಕೆಲವು ವರ್ಷಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಆಗ ಯಂತ್ರವನ್ನು ಪ್ರತಿಸಲ ಆರಂಭಿಸಿದಾಗಲೂ ಗಡಿಯಾರವು ಎಷ್ಟೋ ವರ್ಷಗಳ ಹಿಂದಿನ ದಿನಾಂಕಕ್ಕೆ ಮರಳುತ್ತದೆ. ಪ್ರತಿಯೊಂದು ಪ್ರಮಾಣಪತ್ರದಲ್ಲಿಯೂ ಅದು ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುತ್ತದೆಂಬುದು ಬರೆದಿರುತ್ತದೆ. ತಾನು ಇನ್ನೂ ಹಳೆಯ ವರ್ಷದಲ್ಲಿಯೇ ಇರುವೆನೆಂದು ನಂಬಿದ ಯಂತ್ರಕ್ಕೆ, ಇಂದಿನ ಪ್ರಮಾಣಪತ್ರಗಳೆಲ್ಲವೂ ಇನ್ನೂ ಜಾರಿಗೆ ಬಾರದ ಪತ್ರಗಳಾಗಿ ಕಾಣುತ್ತವೆ. ಆದುದರಿಂದ ಅದು ಯಾವುದನ್ನೂ ನಂಬುವುದಿಲ್ಲ. ಕೆಲಸಕ್ಕೆ ಬಾರದೆಂದು ಮೂಲೆಗೆ ತಳ್ಳಿದ ಯಂತ್ರವೊಂದು, ಕೆಲವೊಮ್ಮೆ ಆ ಬ್ಯಾಟರಿಯನ್ನು ಬದಲಾಯಿಸಿ ದಿನಾಂಕವನ್ನು ಸರಿಪಡಿಸಿದೊಡನೆ ಮತ್ತೆ ಜಾಲವನ್ನು ಸೇರುತ್ತದೆ. ರೋಗವನ್ನು ಅರಿಯದೆ ಮದ್ದು ಮಾಡಬಾರದೆಂಬ ಮಾತು ಯಂತ್ರಗಳಿಗೂ ಸಲ್ಲುತ್ತದೆ.

ಭಾಷೆಯ ತೊಡಕಿಗೆ ಮೂರು ಪರಿಹಾರಗಳಿವೆ. ಯಂತ್ರದಲ್ಲಿ ಸಾಕಷ್ಟು ಸ್ಮೃತಿಯಿದ್ದರೆ, ಹಳೆಯ ಕಾರ್ಯನಿರ್ವಹಣ ವ್ಯವಸ್ಥೆಯನ್ನು ತೆಗೆದು, ಇಂದಿಗೂ ನವೀಕರಣ ಪಡೆಯುತ್ತಿರುವ ಹಗುರವಾದ ಲಿನಕ್ಸ್ ವ್ಯವಸ್ಥೆಯೊಂದನ್ನು ಅಳವಡಿಸುವುದು ಮೊದಲನೆಯದು. ಇದರಿಂದ ಹೊಸ ಬ್ರೌಸರೂ ಹೊಸ ಗೂಢಲಿಪಿಯೂ ಹೊಸ ಮುದ್ರೆಗಳ ಪಟ್ಟಿಯೂ ಒಟ್ಟಿಗೆ ದೊರೆಯುತ್ತವೆ. ಆದರೆ ಹಾಗೆ ಮಾಡುವ ಮೊದಲು ಯಂತ್ರದಲ್ಲಿರುವ ಬರಹಗಳನ್ನೂ ಚಿತ್ರಗಳನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಯಂತ್ರವು ಇನ್ನೂ ದುರ್ಬಲವಾಗಿದ್ದರೆ, ಲಿಂಕ್ಸ್ ಅಥವಾ ನೆಟ್‌ಸರ್ಫ್‌ನಂಥ ಮಿತವ್ಯಯದ ಬ್ರೌಸರನ್ನು ಬಳಸುವುದು ಎರಡನೆಯದು. ಇವುಗಳಲ್ಲಿ ಎಲ್ಲ ಪುಟಗಳೂ ಪೂರ್ಣವಾಗಿ ಕಾಣಿಸವು. ಆದರೆ ಅಕ್ಷರಗಳೇ ಮುಖ್ಯವಾಗಿರುವ ಪುಟಗಳನ್ನು ಚೆನ್ನಾಗಿ ಓದಬಹುದು. ಯಂತ್ರದಲ್ಲಿ ಯಾವ ಬದಲಾವಣೆಯನ್ನೂ ಮಾಡಲಾಗದಿದ್ದರೆ, ಅದಕ್ಕೂ ಜಾಲಕ್ಕೂ ನಡುವೆ ಹೊಸ ಯಂತ್ರವೊಂದನ್ನು ಮಧ್ಯವರ್ತಿಯಾಗಿ ನಿಲ್ಲಿಸುವುದು ಮೂರನೆಯದು. ಮಧ್ಯವರ್ತಿಯು ಹೊರಗಿನವರೊಡನೆ ಹೊಸ ಭಾಷೆಯಲ್ಲಿ ಮಾತನಾಡಿ, ಬಂದ ಪುಟವನ್ನು ಹಳೆಯ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ತಲುಪಿಸುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಮರೆಯಬಾರದು. ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಗೆ ಅದನ್ನು ತಯಾರಿಸಿದ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ವಿಂಡೋಸ್ 10 ವ್ಯವಸ್ಥೆಗೆ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಬೆಂಬಲ ನಿಂತ ವ್ಯವಸ್ಥೆಯಲ್ಲಿ ಬಿರುಕುಗಳು ಕಂಡುಬಂದರೆ ಮುಚ್ಚುವವರಿಲ್ಲ. ಅಂಥ ಯಂತ್ರವನ್ನು ನೇರವಾಗಿ ಜಾಲಕ್ಕೆ ಒಡ್ಡುವುದು, ಅಗುಳಿಯಿಲ್ಲದ ಮನೆಯಲ್ಲಿ ಒಡವೆಗಳನ್ನಿಟ್ಟು ಮಲಗಿದಂತೆ. ಅದರಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡಬಾರದು, ಗುಪ್ತಪದಗಳನ್ನು ಬರೆಯಬಾರದು. ಹಳೆಯದನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಆದರೆ ಅದರ ಮಿತಿಯನ್ನು ಅರಿತು ಉಳಿಸಿಕೊಳ್ಳಬೇಕು.

ಮಿತಿಯೊಳಗೆ ಎಷ್ಟನ್ನು ಸಾಧಿಸಬಹುದೆಂಬುದಕ್ಕೆ ಸ್ವೀಡನ್ ದೇಶದ ಆಡಂ ಡಂಕೆಲ್ಸ್ ಎಂಬ ವಿಜ್ಞಾನಿಯ ಕೆಲಸವು ನಿದರ್ಶನ. 1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64 ಎಂಬ ಮನೆಬಳಕೆಯ ಗಣಕಯಂತ್ರದಲ್ಲಿದ್ದ ಸ್ಮೃತಿ ಕೇವಲ 65,536 ಬೈಟ್‌ಗಳು. ವಿಶ್ವಜಾಲವು ಹುಟ್ಟುವುದಕ್ಕೆ ಎಷ್ಟೋ ಮೊದಲೇ ತಯಾರಾದ ಯಂತ್ರವದು. 2003ರಲ್ಲಿ ಡಂಕೆಲ್ಸ್ ಅವರು ಕಾಂಟಿಕಿ ಎಂಬ ಪುಟ್ಟ ವ್ಯವಸ್ಥೆಯನ್ನು ಹೊರತಂದು, ಆ ಯಂತ್ರದಲ್ಲಿಯೂ ಬ್ರೌಸರ್ ನಡೆಯುವಂತೆ ಮಾಡಿದರು. ಅದು ಕೇವಲ ವಿನೋದಕ್ಕಾಗಿ ಮಾಡಿದ ಸಾಹಸವಾಗಿ ಉಳಿಯಲಿಲ್ಲ. ಅದೇ ವ್ಯವಸ್ಥೆಯು ಮುಂದೆ ಉಷ್ಣತೆ, ಬೆಳಕು ಮೊದಲಾದವನ್ನು ಅಳೆದು ತಿಳಿಸುವ ಚಿಕ್ಕ ಚಿಕ್ಕ ಉಪಕರಣಗಳನ್ನು ಜಾಲಕ್ಕೆ ಸೇರಿಸಲು ನೆರವಾಯಿತು. ಕಡಿಮೆ ಸಾಮಗ್ರಿಯಲ್ಲಿ ಕೆಲಸ ಮಾಡಲು ಕಲಿತವನ ವಿದ್ಯೆ ಎಂದಿಗೂ ವ್ಯರ್ಥವಾಗದು.

ಹಳೆಯ ಯಂತ್ರಗಳ ಬಗೆಗೆ ಇಷ್ಟೊಂದು ಚಿಂತಿಸುವುದೇಕೆಂದು ಯಾರಾದರೂ ಕೇಳಬಹುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ನುಗಳಷ್ಟು ವಿದ್ಯುನ್ಮಾನ ಕಸ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಾಗಿ ದಾಖಲೆಯಿರುವುದು ನೂರಕ್ಕೆ 22.3ರಷ್ಟು ಮಾತ್ರ. ಉಳಿದುದರಲ್ಲಿರುವ ಸೀಸ, ಪಾದರಸ ಮುಂತಾದ ವಿಷವಸ್ತುಗಳು ನೆಲವನ್ನೂ ನೀರನ್ನೂ ಸೇರುವ ಭಯವಿದೆ. ಒಂದು ಯಂತ್ರವನ್ನು ಇನ್ನೂ ನಾಲ್ಕು ವರ್ಷ ಬಳಸಿದರೆ, ಅಷ್ಟು ಕಾಲ ಒಂದು ಹೊಸ ಯಂತ್ರದ ಖರ್ಚೂ ಒಂದು ಹಳೆಯ ಯಂತ್ರದ ಕಸವೂ ಉಳಿಯುತ್ತವೆ.

ಇದಕ್ಕಿಂತಲೂ ಮಿಗಿಲಾದ ಕಾರಣ ಇನ್ನೊಂದಿದೆ. ಹಳೆಯ ಯಂತ್ರದ ಹಿಂದೆ ಒಬ್ಬ ಮನುಷ್ಯನಿರುತ್ತಾನೆ. ಹೊಸದನ್ನು ಕೊಳ್ಳಲಾರದ ಕುಟುಂಬದ ಬಾಲಕಿ, ದಾನವಾಗಿ ಬಂದ ಯಂತ್ರಗಳನ್ನೇ ನೆಚ್ಚಿಕೊಂಡ ಹಳ್ಳಿಯ ಶಾಲೆ, ಕಣ್ಣು ಕಾಣದೆ ಅಕ್ಷರಗಳನ್ನು ಧ್ವನಿಯಾಗಿ ಕೇಳಿ ತಿಳಿಯುವ ಓದುಗ, ಇವರೆಲ್ಲರಿಗೂ ಜಾಲದಲ್ಲಿರುವ ಜ್ಞಾನ ಸಲ್ಲಬೇಕು. ಪುಟವನ್ನು ರಚಿಸುವವನು ಬೇಡದ ಭಾರವನ್ನು ಅದಕ್ಕೆ ಹೇರಿದಾಗಲೆಲ್ಲ ಇವರಲ್ಲಿ ಕೆಲವರು ಬಾಗಿಲ ಹೊರಗೆ ಉಳಿಯುತ್ತಾರೆ. ಗೂಢಲಿಪಿಯ ಕಟ್ಟುನಿಟ್ಟು ಓದುಗನ ರಕ್ಷಣೆಗಾಗಿ ಇರುವುದರಿಂದ ಅದು ಅನಿವಾರ್ಯ. ಆದರೆ ಆಡಂಬರದ ಭಾರ ಅನಿವಾರ್ಯವಲ್ಲ.

2013ರಲ್ಲಿ, ವಿಶ್ವಜಾಲವನ್ನು ಸರ್ವಜನರಿಗೆ ಒಪ್ಪಿಸಿ ಇಪ್ಪತ್ತು ವರ್ಷಗಳು ತುಂಬಿದ ಸಂದರ್ಭದಲ್ಲಿ, ಸರ್ನ್ ಕೇಂದ್ರವು ತನ್ನ ಮೊತ್ತಮೊದಲ ಜಾಲತಾಣವನ್ನು ಅದರ ಹಳೆಯ ವಿಳಾಸದಲ್ಲಿಯೇ ಮತ್ತೆ ಸ್ಥಾಪಿಸಿತು. ಅದೇ ವರ್ಷ ಕೆಲವು ಉತ್ಸಾಹಿಗಳು ಅಲ್ಲಿ ಸೇರಿ, ನಿಕೋಲಾ ಪೆಲ್ಲೋ ಅವರ ಸಾಲುವಾರು ಬ್ರೌಸರು ಹೇಗಿತ್ತೆಂಬುದನ್ನು ಇಂದಿನವರು ನೋಡುವಂತೆ ಮರುರೂಪಿಸಿದರು. ಕಪ್ಪು ತೆರೆಯ ಮೇಲೆ ಹಸುರು ಅಕ್ಷರಗಳು ಸಾಲುಸಾಲಾಗಿ ಮೂಡಿದವು. ಆಶ್ಚರ್ಯದ ಸಂಗತಿಯೆಂದರೆ, ಆ ಮೊದಲ ಜಾಲತಾಣದ ಪುಟಗಳನ್ನು ಇಂದಿನ ಅತ್ಯಾಧುನಿಕ ಬ್ರೌಸರಿನಲ್ಲಿಯೂ ಯಾವ ತೊಡಕಿಲ್ಲದೆ ಓದಬಹುದು. ಸರಳವಾಗಿ ಬರೆದುದು ಬಹುಕಾಲ ಬಾಳುತ್ತದೆ. ಎಲ್ಲರನ್ನೂ ನೆನೆದು ಬರೆದುದು ಎಲ್ಲರನ್ನೂ ತಲುಪುತ್ತದೆ.

ಶಬ್ದಾರ್ಥ

ದುಸ್ತರವಲ್ಲದ - ಸುಲಭವಾಗಿ ದಾಟಬಹುದಾದ. ತಿರುಳು - ಸಾರ. ದುಭಾಷಿ - ಒಂದು ಭಾಷೆಯ ಮಾತನ್ನು ಇನ್ನೊಂದರಲ್ಲಿ ತಿಳಿಸುವವನು. ಕರ್ಕಶ - ಕಿವಿಗೆ ಕಠೋರವಾದ. ಗೂಢಲಿಪಿ - ಇತರರಿಗೆ ತಿಳಿಯದ ಬರಹ. ಅಗುಳಿ - ಬಾಗಿಲನ್ನು ಭದ್ರಪಡಿಸುವ ಸಾಧನ. ಸೊತ್ತು - ಆಸ್ತಿ. ನಿದರ್ಶನ - ಉದಾಹರಣೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸಾಲುವಾರು ಬ್ರೌಸರನ್ನು ಬರೆದವರು ಯಾರು?
2. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಯಾವಾಗ ದೊರೆಯಿತು?
3. ಮೋಡೆಮಿನ ಕೆಲಸವೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅಂತರ್ಜಾಲಕ್ಕೂ ವಿಶ್ವಜಾಲಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
2. ಗಡಿಯಾರದ ಬ್ಯಾಟರಿಯ ಶಕ್ತಿ ಕುಂದಿದರೆ ಹಳೆಯ ಯಂತ್ರವು ಪುಟಗಳನ್ನು ತೆರೆಯದಿರಲು ಕಾರಣವೇನು?
3. ಬೆಂಬಲ ನಿಂತ ವ್ಯವಸ್ಥೆಯನ್ನು ಬಳಸುವಾಗ ವಹಿಸಬೇಕಾದ ಎಚ್ಚರಿಕೆಗಳಾವುವು?

ಇ. ವಿವರವಾಗಿ ಉತ್ತರಿಸಿರಿ.
1. ಹಳೆಯ ಗಣಕಯಂತ್ರವನ್ನು ಜಾಲಕ್ಕೆ ಸೇರಿಸಲು ಬೇಕಾದ ನಾಲ್ಕು ಸಂಗತಿಗಳನ್ನು ವಿವರಿಸಿರಿ.
2. ‘ಎಲ್ಲರನ್ನೂ ನೆನೆದು ಬರೆದುದು ಎಲ್ಲರನ್ನೂ ತಲುಪುತ್ತದೆ.’ ಪಾಠದ ಆಧಾರದಿಂದ ಈ ಮಾತನ್ನು ಸಮರ್ಥಿಸಿರಿ.